ಮಲೆನಾಡಿನ ಮಳೆಯಲ್ಲಿ ಐದು ವರ್ಷ: ಅಪ್ಪಯ್ಯನ ಕಿವಿ ಮಷೀನು

ಸಾಧನ: ಕಿವಿಯ ಹಿಂದೆ ಕೂರುವ ಡಿಜಿಟಲ್ ಹಿಯರಿಂಗ್ ಏಡ್, ಎರಡೂ ಕಿವಿಗೆ, ಅಳತೆ ಕೊಟ್ಟು ಮಾಡಿಸಿದ, ಕಿವಿಯೊಳಗೆ ಕೂರುವ ಮೋಲ್ಡ್ ಸಮೇತ. 13ನೇ ನಂಬರಿನ ಬ್ಯಾಟರಿ. ಜೋಡಿಗೆ ಕೊಟ್ಟದ್ದು 46,000 ರೂಪಾಯಿ. ಬಳಸುತ್ತಿರುವವರು 78ರ ಅಪ್ಪಯ್ಯ. ಮನೆ ತೀರ್ಥಹಳ್ಳಿ ಕಡೆ, ತೋಟದ ಮಧ್ಯೆ.

ಕಂಪನಿ ಹೆಸರು ಬರೆಯುತ್ತಿಲ್ಲ. ಈ ದರ್ಜೆಯ ಮಷೀನು ನಾಲ್ಕಾರು ಕಂಪನಿಗಳಲ್ಲಿ ಸಿಗುತ್ತದೆ. ಇಷ್ಟು ವರ್ಷ ಅಪ್ಪಯ್ಯ ಇದನ್ನು ಬಿಡದೆ ಹಾಕಿಕೊಂಡಿದ್ದರೆ ಅದಕ್ಕೆ ಕಾರಣ ಪರೀಕ್ಷೆ ಮಾಡಿ, ಮಷೀನು ಹೊಂದಿಸಿ, ಮತ್ತೆ ಮತ್ತೆ ತಿದ್ದಿಕೊಟ್ಟ ಆಡಿಯಾಲಜಿಸ್ಟ್, ಅಂದರೆ ಕೇಳುವಿಕೆಯ ತಜ್ಞೆ. ಇದಕ್ಕೂ ಮೊದಲು ಪೇಟೆಯ ಅಂಗಡಿಯೊಂದರಲ್ಲಿ ಒಂದು ಮಷೀನು ತಂದಿದ್ದೆವು. ಹೊರಗಿನ ಸದ್ದು ಬರದ ಸೌಂಡ್ ಬೂತಿನಲ್ಲಿ ಕೂರಿಸಿ ಪರೀಕ್ಷೆ ಮಾಡಲಿಲ್ಲ, ಸಿದ್ಧ ರಬ್ಬರ್ ತುದಿ ಸಿಕ್ಕಿಸಿ ಕಳಿಸಿದರು. ದಿನವಿಡೀ ಕುಂಯ್ಗುಡುತ್ತಿತ್ತು. ಕೊನೆಗೆ ಬೀರು ಸೇರಿತು.

ನಾನು ಮೈಸೂರಿನಲ್ಲಿ ಇರುವುದರಿಂದ ಎರಡನೇ ಸಲ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದೆ. 1965ರಲ್ಲಿ ಶುರುವಾದ, ಕೇಂದ್ರ ಆರೋಗ್ಯ ಇಲಾಖೆಯ ಸಂಸ್ಥೆ ಇದು. ಮಾತು ತಡವಾದ ಮಕ್ಕಳು, ಸ್ಟ್ರೋಕ್ ಆಗಿ ನುಂಗಲು ಕಷ್ಟಪಡುವವರು, ತೊದಲುವವರು ಎಲ್ಲರೂ ಬರುತ್ತಾರೆ. ಮೊದಲ ಭೇಟಿಗೆ ಇಡೀ ದಿನ ಇಟ್ಟುಕೊಂಡೇ ಹೋಗಿ.

ಅಪ್ಪಯ್ಯನ ದೂರು ಯಾವಾಗಲೂ ಒಂದೇ: "ಕೇಳ್ತದೆ ಮಾರಾಯ, ಎಂತ ಹೇಳಿದ್ದು ಅಂತ ಗೊತ್ತಾಗೂದಿಲ್ಲ." ಅದು ಯಾಕೆಂದು ಅಲ್ಲಿ ತಿಳಿಯಿತು. ವಯಸ್ಸಾದಂತೆ ಒಳಗಿವಿಯ ಸೂಕ್ಷ್ಮ ಕೋಶಗಳು ಸಾಯುತ್ತವೆ. ಮೊದಲು ಹೋಗುವುದು ಹೆಚ್ಚಿನ ಫ್ರೀಕ್ವೆನ್ಸಿಯ, ಅಂದರೆ ಕೀಚು ಸದ್ದಿನ ಕೇಳುವಿಕೆ. ಆ, ಉ, ಒ ತರಹದ ಸ್ವರಗಳ ಬಲವೆಲ್ಲ ತಗ್ಗಿನ ಫ್ರೀಕ್ವೆನ್ಸಿಯಲ್ಲಿ ಇರುವುದರಿಂದ ದನಿ ಕಿವಿಗೆ ಬೀಳುತ್ತದೆ. ಸ, ಶ, ಚ, ತ ಬಿಟ್ಟುಹೋಗುತ್ತವೆ. ಬೂತಿನಲ್ಲಿ ಶಬ್ದದ ಪರೀಕ್ಷೆ ಮುಗಿದ ಮೇಲೆ ಕನ್ನಡ ಪದಗಳನ್ನು ಒಂದೊಂದಾಗಿ ಹೇಳಿ, ತಿರುಗಿ ಹೇಳಿಸುತ್ತಾರೆ. ಸಾಲು, ಹಾಲು, ಪಾಲು ಮೂರೂ ಅಪ್ಪಯ್ಯನಿಗೆ "ಆಲು" ಆಗಿದ್ದವು. ಗಾಜಿನ ಈಚೆ ನಿಂತು ಅದನ್ನು ಕೇಳಿಸಿಕೊಂಡಾಗ, ಮನೆಯಲ್ಲಿ ನಾವೆಲ್ಲ ಕಿರುಚುತ್ತಿದ್ದದ್ದು ಎಷ್ಟು ವ್ಯರ್ಥ ಅನ್ನಿಸಿತು. ಕಿರುಚಿದರೆ ಸ್ವರ ದೊಡ್ಡದಾಗುತ್ತದೆ, ವ್ಯಂಜನ ಸ್ಪಷ್ಟವಾಗುವುದಿಲ್ಲ. ಎದುರು ಕೂತು, ಮುಖ ಕಾಣುವ ಹಾಗೆ, ಸ್ವಲ್ಪ ನಿಧಾನ ಮಾತಾಡಿದರೆ ಸಾಕು. ಕೇಳುವಿಕೆಯ ನಷ್ಟ ಬಲಗಿವಿಗೆ 58 ಡೆಸಿಬಲ್, ಎಡಗಿವಿಗೆ 62. ನಿಮ್ಮ ಮನೆಯವರ ಆಡಿಯೋಗ್ರಾಮ್ (ಈ ಪರೀಕ್ಷೆಯ ಫಲಿತಾಂಶದ ನಕ್ಷೆ) ಹಾಳೆ ಜೋಪಾನವಾಗಿಡಿ, ಮುಂದೆ ಎಲ್ಲಿಗೆ ಹೋದರೂ ಮೊದಲು ಕೇಳುವುದು ಅದನ್ನೇ.

ಮೋಲ್ಡಿಗೆ ಅಳತೆ ತೆಗೆಯುವ ಮುಂಚೆ ದಾರ ಕಟ್ಟಿದ ಹತ್ತಿಯ ಉಂಡೆಯನ್ನು ಕಿವಿಯೊಳಗೆ ಇಟ್ಟು, ಮೇಲೆ ಮೆತ್ತನೆಯ ಪೇಸ್ಟು ತುಂಬಿದರು. ನಾಲ್ಕೈದು ನಿಮಿಷದಲ್ಲಿ ಗಟ್ಟಿಯಾಯಿತು, ತೆಗೆದರೆ ಕಿವಿಯ ಅಚ್ಚು. ಮೋಲ್ಡ್ ಸರಿ ಕೂತರೆ ಮಷೀನು ಕೂಗುವುದಿಲ್ಲ. ಹಣ ಎಲ್ಲಿ ಉಳಿಸಬೇಕು ಅಂತ ಕೇಳಿದರೆ ಚಾನೆಲ್ ಸಂಖ್ಯೆಯಲ್ಲಿ (ಮಷೀನು ಸದ್ದನ್ನು ಎಷ್ಟು ಫ್ರೀಕ್ವೆನ್ಸಿ ಭಾಗಗಳಾಗಿ ಒಡೆದು ಹೊಂದಿಸುತ್ತದೆ ಅನ್ನುವ ಲೆಕ್ಕ) ಉಳಿಸಿ, ಮೋಲ್ಡಿನಲ್ಲಿ ಬೇಡ.

ಮೊದಲ ತಿಂಗಳು ಕಷ್ಟ. ಪೇಪರ್ ಮಡಚುವ ಸದ್ದು, ಪಾತ್ರೆ ತೊಳೆಯುವ ಸದ್ದು ಅಪ್ಪಯ್ಯನಿಗೆ ತಲೆಚಿಟ್ಟು ಹಿಡಿಸಿದವು. ತನ್ನ ಮಾತೇ ಬಾವಿಯೊಳಗಿಂದ ಬಂದ ಹಾಗಿದೆ ಅಂದರು. ಮೋಲ್ಡಿನಲ್ಲಿ ಗಾಳಿತೂತು ದೊಡ್ಡದು ಮಾಡಿದ ಮೇಲೆ ಅದು ಕಡಿಮೆಯಾಯಿತು. ಎರಡನೇ ಭೇಟಿಯಲ್ಲಿ "ದಿನಾ ಹಾಕ್ತೇನೆ" ಅಂತ ಹೇಳಿದರು. ಆಡಿಯಾಲಜಿಸ್ಟ್ ಮಷೀನನ್ನು ಕಂಪ್ಯೂಟರಿಗೆ ಸೇರಿಸಿದರೆ ದಿನಕ್ಕೆ ಸರಾಸರಿ ಎರಡು ಗಂಟೆ ಅಂತ ಬಂತು. ಆಕೆ ಗದರಲಿಲ್ಲ. "ಎಲ್ಲಿ ನೋವಾಗ್ತಿದೆ ತೋರಿಸಿ ಸರ್" ಅಂದರು. ಎಡಗಿವಿಯ ಮೇಲಂಚಿನಲ್ಲಿ ಕೆಂಪಗೆ ಗಾಯವಾಗಿತ್ತು. ಮೋಲ್ಡಿನ ಆ ಜಾಗ ಉಜ್ಜಿಸಿ ನುಣುಪು ಮಾಡಿಸಿದರು. ಆಮೇಲೆ ಬೆಳಿಗ್ಗೆ ಹಲ್ಲುಜ್ಜಿ ಹಾಕಿಕೊಂಡರೆ ತೆಗೆಯುವುದು ರಾತ್ರಿ ಮಲಗುವಾಗ. ಅಂಗಡಿಯಲ್ಲಿ ಇಂಥ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ಇನ್ನು ಮಳೆಗಾಲ. ನಮ್ಮ ಕಡೆ ಜೂನ್‌ನಿಂದ ಬಟ್ಟೆಯೇ ಒಣಗುವುದಿಲ್ಲ, ಮಷೀನಿನ ಪಾಡು ಕೇಳಬೇಕೆ? ಮಷೀನಿನಿಂದ ಮೋಲ್ಡಿಗೆ ಸದ್ದು ಒಯ್ಯುವ ಕೊಳವೆಯೊಳಗೆ ಆವಿ ಕೂತು ಹನಿಯಾಗುತ್ತದೆ, ಸದ್ದು ಕಟ್ಟಿ ಕಟ್ಟಿ ಬರುತ್ತದೆ. ಮೋಲ್ಡನ್ನು ಮಷೀನಿನಿಂದ ಬಿಡಿಸಿ, ರಬ್ಬರ್ ಬಲ್ಬಿನಿಂದ ಗಾಳಿ ಊದಬೇಕು. ಬಾಯಿಂದ ಊದಿದರೆ ಮತ್ತೆ ಆವಿಯೇ. ರಾತ್ರಿ ಸಿಲಿಕಾ ಜೆಲ್ ಇರುವ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡುತ್ತೇವೆ, ಬ್ಯಾಟರಿ ತೆಗೆದು. ನೀಲಿ ಹರಳು ಗುಲಾಬಿಯಾದರೆ ತೇವ ಕುಡಿದು ತುಂಬಿದೆ ಅಂತ ಅರ್ಥ, ಬದಲಿಸಬೇಕು. ಅಮ್ಮ ಮಷೀನನ್ನೇ ಒಲೆ ಮೇಲಿನ ಅಟ್ಟದಲ್ಲಿ ಇಡೋಣ ಅಂದಿದ್ದರು. ಅದು ಬೇಡ, ಬಿಸಿಗೆ ಒಳಗಿನ ಭಾಗ ಹಾಳಾಗುತ್ತದೆ. ಕೊಳವೆ ಹಳದಿಗಟ್ಟಿ ಬಿರುಸಾದಾಗ ಹೊಸದು ಹಾಕಿಸಿ. ಕೆಲವು ತಿಂಗಳಿಗೊಮ್ಮೆ ಬೇಕೇ ಬೇಕು, ಖರ್ಚು ಅಲ್ಪ.

ಬ್ಯಾಟರಿ ಹತ್ತು ಹನ್ನೆರಡು ದಿನ ಬರುತ್ತದೆ. ಕಿತ್ತಳೆ ಸ್ಟಿಕರ್ ಕಿತ್ತ ಮೇಲೆ ಒಂದು ನಿಮಿಷ ಗಾಳಿಗೆ ಬಿಟ್ಟು ಹಾಕಿ, ಗಾಳಿ ಸೇರಿದರೇ ಅದು ಕೆಲಸ ಶುರುಮಾಡುವುದು. ಸ್ಟಿಕರ್ ತೆಗೆದಿಟ್ಟರೆ ಬಳಸದಿದ್ದರೂ ಇಳಿಯುತ್ತದೆ. ಮಕ್ಕಳ ಕೈಗೆ ಸಿಗದ ಹಾಗೆ ಇಡಿ, ನುಂಗಿದರೆ ಅಪಾಯ.

ಕೊರತೆಗಳೂ ಇವೆ. ಮದುವೆ ಮನೆಯಲ್ಲಿ ಇದು ಕೈಕೊಡುತ್ತದೆ. ನೂರು ಜನರ ಮಾತು ಒಟ್ಟಿಗೇ ಹೊಕ್ಕು ಅಪ್ಪಯ್ಯ ಸುಸ್ತಾಗುತ್ತಾರೆ. ಒಂದೆರಡು ಮೀಟರ್ ದಾಟಿದರೆ ಸ್ಪಷ್ಟತೆ ಇಳಿಯುತ್ತದೆ. ಮೊಬೈಲನ್ನು ಕಿವಿಗೆ ಒತ್ತಿದರೆ ಈಗಲೂ ಕೂಗುತ್ತದೆ, ಸ್ಪೀಕರ್ ಹಾಕಿ ಮಾತಾಡುತ್ತಾರೆ.

ಆದರೆ ಕಳೆದ ಆಷಾಢದಲ್ಲಿ ಊರ ದೇವಸ್ಥಾನದಲ್ಲಿ ತಾಳಮದ್ದಳೆ, ಅಂದರೆ ವೇಷವಿಲ್ಲದೆ ಕೂತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನ. ಫ್ಯಾನಿನಿಂದ ದೂರ, ಮಾತಾಡುವ ಅರ್ಥಧಾರಿಗಳ ಎದುರಿಗೇ ಅಪ್ಪಯ್ಯ ಕೂತರು. ಭಾಗವತಿಕೆಯ ಹಾಡು ನಡೆಯುವಾಗ ಮಷೀನಿನ ಗುಂಡಿ ಒತ್ತಿ, ಹಾಡಿಗೆಂದು ಹೊಂದಿಸಿದ ಎರಡನೇ ಪ್ರೋಗ್ರಾಮಿಗೆ, ಮಾತು ಶುರುವಾದಾಗ ಮತ್ತೆ ಮೊದಲಿನದಕ್ಕೆ. ಕೃಷ್ಣ ಕೌರವರ ವಾದ ಪೂರ್ತಿ ಕೇಳಿಸಿಕೊಂಡು, ಮನೆಗೆ ಬಂದ ಮೇಲೆ ಯಾರು ಎಲ್ಲಿ ಜಾರಿದರು ಅಂತ ಅಮ್ಮನ ಹತ್ತಿರ ಚರ್ಚೆ. ಅವರು ತಾಳಮದ್ದಳೆಗೆ ಹೋಗುವುದನ್ನೇ ಬಿಟ್ಟಿದ್ದರು.

ಕೊಳ್ಳುವವರಿಗೆ ಇಷ್ಟು: ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರುವ ಆಡಿಯಾಲಜಿಸ್ಟ್ ಹತ್ತಿರವೇ ಪರೀಕ್ಷೆ ಮಾಡಿಸಿ. ಎರಡೂ ಕಿವಿಗೆ ಬೇಕು ಅಂದರೆ ಒಂದಕ್ಕೆ ನಿಲ್ಲಿಸಬೇಡಿ, ಸದ್ದು ಯಾವ ಕಡೆಯಿಂದ ಬಂತು ಅಂತ ತಿಳಿಯಲು ಎರಡು ಕಿವಿ ಬೇಕು. ವರ್ಷಕ್ಕೊಮ್ಮೆ ಮರುಪರೀಕ್ಷೆ ಮಾಡಿಸಿ, ಮಷೀನು ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳಿ. ಈಗ ಎಲ್ಲರೂ ಚಾರ್ಜ್ ಮಾಡುವ ಮಾದರಿ ತೋರಿಸುತ್ತಾರೆ. ಬೆರಳು ನಡುಗುವವರಿಗೆ ಅದು ಸುಲಭ, ಒಪ್ಪುತ್ತೇನೆ. ನಮ್ಮಲ್ಲಿ ಮಳೆಗಾಲದಲ್ಲಿ ಮರ ಬಿದ್ದು ಎರಡು ಮೂರು ದಿನ ಕರೆಂಟ್ ಇರುವುದಿಲ್ಲ. ಹಾಗಾಗಿ ಮುಂದಿನ ಜೋಡಿಯೂ 13ನೇ ನಂಬರಿನದ್ದೇ.