ಬುಲೆಟ್‌ಗೆ ಸೈಡ್‌ಕಾರ್ ಹಾಕ್ಸೋರು ದಯವಿಟ್ಟು ಓದಿ, ನಾನು ಟೋಪಿ ಹಾಕಿಸ್ಕೊಂಡಿದ್ದೀನಿ

ಬರೆಯೋಕೆ ನಾಚಿಕೆ ಆಗ್ತಿದೆ, ಆದ್ರೂ ಬರೀತೀನಿ. ಯಾಕಂದ್ರೆ ನನ್ನ ಮಾತು ಕೇಳಿ ಇನ್ನೊಬ್ಬ ಫ್ರೆಂಡು ಕೂಡ ಅದೇ ಗ್ಯಾರೇಜಿಗೆ ಅಡ್ವಾನ್ಸ್ ಕೊಡೋಕೆ ಹೊರಟಿದ್ದ, ಹೋದ ವಾರ ತಾನೇ ತಡೆದೆ.

ನಂದು ಹಳೇ ಬುಲೆಟ್ 350. ಅಮ್ಮನಿಗೆ ಮಂಡಿ ನೋವು, ಹಿಂದೆ ಕಾಲು ಹಾಕಿ ಕೂರೋಕಾಗಲ್ಲ, ಅದಕ್ಕೆ ಸೈಡ್‌ಕಾರ್ (ಬೈಕಿನ ಎಡಗಡೆ ಜೋಡಿಸೋ ಒಂದು ಚಕ್ರದ ಸೀಟು) ಹಾಕ್ಸೋಣ ಅಂತ. ಬೆಂಗಳೂರಲ್ಲಿ ಒಬ್ಬ ಗ್ಯಾರೇಜಿನವನು ತಾನು ಮಾಡಿದ ಸೈಡ್‌ಕಾರಿನ ವಿಡಿಯೋ ಹಾಕ್ತಿದ್ದ, ನೋಡಿದ್ರೆ ಎಂಥೋರಿಗೂ ಆಸೆ ಆಗ್ಬೇಕು ಹಂಗಿತ್ತು ಪೇಂಟು. 62 ಸಾವಿರ ಕೊಟ್ಟೆ. ಗಾಡಿ ತಗೊಂಡು ಮೈಸೂರಿಗೆ ವಾಪಸ್ ಹೊರಟ್ರೆ (ಎಕ್ಸ್‌ಪ್ರೆಸ್‌ವೇಗೆ ಬೈಕ್ ಬಿಡಲ್ವಲ್ಲ, ಸರ್ವೀಸ್ ರೋಡಲ್ಲೇ) ರಾಮನಗರ ಬರೋ ಹೊತ್ತಿಗೆ ಬಲಗೈ ಬಿದ್ದೇ ಹೋಯ್ತು. ಗಾಡಿ ಎಡಕ್ಕೆ ಎಳಿಯುತ್ತೆ, ಎಳಿಯುತ್ತೆ, ಎಳೀತಾನೇ ಇರುತ್ತೆ. ಮೂವತ್ತರ ಸ್ಪೀಡಲ್ಲಿ ಹ್ಯಾಂಡಲ್ಲು ಗಡಗಡ ನಡುಗುತ್ತೆ.

ಫೋನ್ ಮಾಡಿದೆ. "ಸಾರ್, ಸೈಡ್‌ಕಾರ್ ಅಂದ್ಮೇಲೆ ಎಳಿಯೋದು ಇದ್ದಿದ್ದೇ, ಕೈ ಕೂರ್ಬೇಕು, ಒಂದು ಸಾವಿರ ಕಿಲೋಮೀಟರ್ ಓಡ್ಸಿ." ಓಡ್ಸಿದೆ. ಭುಜಕ್ಕೆ ಮುಲಾಮು ಹಚ್ಕೊಂಡು ಓಡ್ಸಿದೆ ಸ್ವಾಮಿ!

ನಿಜ ಏನಂದ್ರೆ ಒಂಚೂರು ಎಳೆತ ಇರುತ್ತೆ. ಆಕ್ಸಿಲರೇಟರ್ ಕೊಟ್ರೆ ಎಡಕ್ಕೆ, ಬ್ರೇಕ್ ಹಿಡಿದ್ರೆ ಬಲಕ್ಕೆ, ಅದು ಸೈಡ್‌ಕಾರಿನ ಗುಣ. ಆದ್ರೆ ಸಮ ರೋಡಲ್ಲಿ ಒಂದೇ ಸ್ಪೀಡಲ್ಲಿ ಹೋಗುವಾಗ್ಲೂ ಕುಸ್ತಿ ಆಡ್ಬೇಕು ಅಂದ್ರೆ ಅದು ಸೆಟ್ಟಿಂಗ್ ತಪ್ಪು. ಇದು ಈಗ ಗೊತ್ತು, ಆಗ ಗೊತ್ತಿರ್ಲಿಲ್ಲ.

ಆಮೇಲೆ ಮೂರು ಸಲ ಬೆಂಗಳೂರಿಗೆ ಹೋದೆ. ಪ್ರತಿ ಸಲ ಗಾಡಿ ಒಳಗೆ ತಗೊಂಡು ಶಟರ್ ಅರ್ಧ ಎಳೆದು "ಟೀ ಕುಡ್ಕೊಂಡು ಬನ್ನಿ ಸಾರ್" ಅಂತಾನೆ, ಎರಡು ಗಂಟೆ ಬಿಟ್ಟು "ಫುಲ್ ಸೆಟ್ಟಿಂಗ್ ಆಯ್ತು" ಅಂತ 1500 ತಗೋತಾನೆ. ಮೊದಲನೇ ಸಲ ನಾನೇ ಒಂದು ರೌಂಡ್ ಹೊಡೆದು ಬಂದು "ಹೂಂ ಗುರು, ಈಗ ಪರ್ವಾಗಿಲ್ಲ" ಅಂದೆ. ಅಂದ್ನಲ್ಲ ನಾನು, ಅದನ್ನ ನೆನೆಸ್ಕೊಂಡ್ರೆ ಈಗ್ಲೂ ಮೈ ಉರಿಯುತ್ತೆ. ಮೂರನೇ ಸಲ ಸ್ಟೀರಿಂಗ್ ಡ್ಯಾಂಪರ್ (ಹ್ಯಾಂಡಲ್ ನಡುಕ ತಡೆಯೋ ಸಾಧನ) ಹಾಕ್ಸಿ ಅಂತ 6500 ಬೇರೆ ಕಿತ್ತ. ಡ್ಯಾಂಪರ್ ನಡುಕಕ್ಕೆ ಸರಿ, ಎಳೆತಕ್ಕೆ ಅದರಿಂದ ಏನೂ ಆಗಲ್ಲ.

ಒಂದಿನ ಅಮ್ಮನ್ನ ಚಾಮುಂಡಿ ಬೆಟ್ಟಕ್ಕೆ ಬಿಟ್ಟು ಒಬ್ನೇ ಇಳೀತಿದ್ದೆ, ಸೈಡ್‌ಕಾರ್ ಖಾಲಿ. ಎಡಕ್ಕೆ ತಿರುವು. ಸೈಡ್‌ಕಾರಿನ ಚಕ್ರ ನೆಲ ಬಿಟ್ಟು ಮೇಲೆ ಎದ್ದೇಬಿಡ್ತು, ಗಾಡಿ ತಿರುಗೋದು ಬಿಟ್ಟು ನೇರ ಬಲಗಡೆಗೆ, ಎದುರಿಗೆ ಬಸ್ಸು ಹತ್ತಿ ಬರ್ತಿದೆ. ಹೆಂಗೆ ಬಚಾವಾದೆ ಆ ತಾಯಿಗೇ ಗೊತ್ತು. ಫೋನ್ ಮಾಡಿದ್ರೆ ಏನಂದ ಗೊತ್ತಾ? "ಬ್ರದರ್, ಗಾಡಿ ಪರ್ಫೆಕ್ಟ್ ಆಗಿದೆ, ನಿಮಗೆ ಓಡ್ಸೋಕೆ ಬರಲ್ಲ." ದುಡ್ಡು ಕೊಡೋವರೆಗೂ ಸಾರ್, ಆಮೇಲೆ ಬ್ರದರ್.

ಇಲ್ಲೇ ಮೈಸೂರಲ್ಲಿ ಜಾವಾ ಕಾಲದ ಒಬ್ರು ಹಳೇ ಮೇಸ್ತ್ರಿ ಇದಾರೆ, ಅವರ ಹತ್ರ ತಗೊಂಡು ಹೋದೆ. ಅವರು ಸ್ಪ್ಯಾನರ್ ಮುಟ್ಲೇ ಇಲ್ಲ. ನನ್ನನ್ನ ಗಾಡಿ ಮೇಲೆ ಕೂರ್ಸಿದ್ರು, ಸೈಡ್‌ಕಾರಲ್ಲಿ 25 ಕೆಜಿ ಅಕ್ಕಿ ಮೂಟೆ ಎರಡು ಇಟ್ರು, ಬೈಕಿನ ಎರಡು ಚಕ್ರಕ್ಕೆ ತಾಗೋ ಹಂಗೆ ಒಂದು ಉದ್ದ ಅಲ್ಯೂಮಿನಿಯಂ ಪಟ್ಟಿ, ಸೈಡ್‌ಕಾರಿನ ಚಕ್ರಕ್ಕೆ ಇನ್ನೊಂದು, ನೆಲದ ಮೇಲೆ. ಟೇಪ್ ಹಿಡಿದ್ರು. ಎರಡು ಪಟ್ಟಿ ಮಧ್ಯೆ ದೂರ ಹಿಂದ್ಗಡೆಗಿಂತ ಮುಂದ್ಗಡೆ ಒಂದು ಇಂಚು ಜಾಸ್ತಿ! ಮುಂದ್ಗಡೆ ಮುಕ್ಕಾಲು ಇಂಚು ಕಮ್ಮಿ ಇರ್ಬೇಕಂತೆ, ಅದೇ ಟೋ-ಇನ್ನು. ಆಮೇಲೆ ದಾರಕ್ಕೆ ನಟ್ ಕಟ್ಟಿ ಇಳಿಬಿಟ್ಟು ತೋರ್ಸಿದ್ರು, ಬೈಕು ಒಂಚೂರು ಹೊರಗೆ, ಬಲಕ್ಕೆ, ವಾಲಿರ್ಬೇಕಾಗಿತ್ತು, ನಂದು ಸೈಡ್‌ಕಾರ್ ಕಡೆಗೇ ವಾಲಿತ್ತು. ಎರಡೂ ಉಲ್ಟಾ. "ಮಗಾ, ಇದು ಎಡಕ್ಕೆ ಎಳೀದೆ ಇನ್ನೇನು ಮಾಡುತ್ತೆ?"

ಸರಿ ಅಡ್ಜಸ್ಟ್ ಮಾಡಿ ಅಂದೆ. ಅವರು ಅಡ್ಜಸ್ಟ್ ಮಾಡೋ ನಟ್ಟಿನ ಹತ್ರ ಸ್ಕ್ರೂಡ್ರೈವರಲ್ಲಿ ಪೇಂಟ್ ಕೆರೆದ್ರು. ಕೆಳಗೆ ವೆಲ್ಡಿಂಗು. ಇನ್ನೊಂದು ಕೆರೆದ್ರು, ಅಲ್ಲೂ ವೆಲ್ಡಿಂಗು. ನಾಲ್ಕಕ್ಕೆ ನಾಲ್ಕೂ. ಮೊದಲನೇ ದಿನವೇ ವೆಲ್ಡ್ ಹೊಡೆದು ಮೇಲೆ ಕಪ್ಪು ಬಣ್ಣ ಬಳಿದಿದ್ದಾನೆ. ಅಂದ್ರೆ ಆ ಮೂರು ಸಲದ ಸೆಟ್ಟಿಂಗು? ತಿರುಗೋಕೇ ಆಗದೇ ಇರೋ ನಟ್ಟಿಗೆ ನಾನು 4500 ಕೊಟ್ಟಿದ್ದೀನಿ. ಹೊರಗೆ ಟೀ ಕುಡ್ಕೊಂಡು ಕಾಯ್ತಿದ್ದೆ ನಾನು, ಒಳಗೆ ಏನೂ ನಡೀತಿರ್ಲಿಲ್ಲ.

ಫೋಟೋ ಕಳ್ಸಿದೆ. ವಾಯ್ಸ್ ಮೆಸೇಜ್ ಬಂತು: "ಲೂಸ್ ಆಗ್ಬಾರ್ದು ಅಂತ ಸೇಫ್ಟಿಗೆ ಹೊಡೆದಿರೋದು ಬ್ರದರ್, ಬೇರೆಯವರು ಕೈ ಹಾಕಿದ್ಮೇಲೆ ನಮ್ಮ ವಾರಂಟಿ ಇಲ್ಲ." ಯಾವ ವಾರಂಟಿ? ಬಿಲ್ಲೇ ಕೊಟ್ಟಿಲ್ಲ. ಆರ್‌ಸಿಯಲ್ಲಿ ಎಂಟ್ರಿ ಮಾಡ್ಸೋದು ಕೇಳಿದಾಗ್ಲೂ "ಆರ್‌ಟಿಓ ಟೆನ್ಶನ್ ನಮಗೆ ಬಿಡಿ" ಅಂದಿದ್ದ, ಅದೂ ಆಗಿಲ್ಲ. ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ ಪ್ರಕಾರ ಪರ್ಮಿಶನ್ ಇಲ್ದೆ ಹಿಂಗೆ ಮಾರ್ಪಾಡು ಮಾಡೋ ಹಾಗಿಲ್ಲ, ಆ ತಲೆನೋವು ಈಗ ನನ್ನದೇ.

ಮೇಸ್ತ್ರಿ ಗ್ರೈಂಡರಲ್ಲಿ ವೆಲ್ಡ್ ಕತ್ತರಿಸಿ ಹೊಸ ಥ್ರೆಡ್ ರಾಡ್ ಹಾಕಿ ಸೆಟ್ ಮಾಡಿದ್ರು, 3200. ಈಗ ನಲವತ್ತರಲ್ಲಿ ಎರಡು ಬೆರಳಲ್ಲಿ ಹಿಡ್ಕೊಂಡು ಹೋಗ್ಬೋದು. ಖಾಲಿ ಹೋಗುವಾಗ ಒಂದು ಮೂಟೆ ಮರಳು ಇಟ್ಕೋ ಅಂದಿದ್ದಾರೆ.

ನೀವು ಯಾರ ಹತ್ರನಾದ್ರೂ ಮಾಡ್ಸಿ, ಪೂರ್ತಿ ದುಡ್ಡು ಕೊಡೋಕೆ ಮುಂಚೆ ನೀವು ಗಾಡಿ ಮೇಲೆ ಕೂತು ನಿಮ್ಮ ಕಣ್ಣೆದುರಿಗೇ ಟೇಪ್ ಹಿಡಿಸಿ, ನಟ್ಟು ತಿರುಗ್ಸಿ ತೋರ್ಸೋಕೆ ಹೇಳಿ. ಟೀ ಕುಡಿಯೋಕೆ ಮಾತ್ರ ಹೋಗ್ಬೇಡಿ.

ನಂದು ಇನ್ನೊಂದು ಬಾಕಿ ಇದೆ. ಸೈಡ್‌ಕಾರಿನ ಚಕ್ರ ಬೈಕಿನ ಹಿಂದಿನ ಚಕ್ರಕ್ಕಿಂತ ಒಂದಷ್ಟು ಮುಂದೆ ಇರ್ಬೇಕು, ನಂದು ಹೆಚ್ಚುಕಮ್ಮಿ ಒಂದೇ ಸಾಲಲ್ಲಿದೆ. ಅದಕ್ಕೆ ಸೈಡ್‌ಕಾರನ್ನ ಬೈಕಿಗೆ ಹಿಡಿದಿಡೋ ಕ್ಲಾಂಪೇ ಹೊಸದು ಮಾಡ್ಬೇಕು. ಮೈಸೂರು, ಮಂಡ್ಯ ಕಡೆ ಒಳ್ಳೇ ಲೇತ್ ಕೆಲಸದವರು ಗೊತ್ತಿದ್ರೆ ಹೇಳಿ, ವಿಡಿಯೋ ಹಾಕೋರು ಬೇಡ.