ಕಛೇರಿಗೆ ಮೂರೇ ದಿನ: ಪೋಸ್ಟರ್ ಸ್ಕ್ರೀನೋ, ಡಿಜಿಟಲ್ಲೋ?

ಸಂಗೀತ ಕಛೇರಿಗೆ ಉಳಿದಿರುವುದು 3 ದಿನ, ಬೇಕಿರುವುದು 100 ಪೋಸ್ಟರ್. ಡಿಜಿಟಲ್ ಆದರೆ ತಲೆಬಿಸಿಯಿಲ್ಲ. ಬೆಳಿಗ್ಗೆ ಫೈಲ್ ಕೊಟ್ಟರೆ ಸಂಜೆಗೆ ಕೈಗೆ ಬರುತ್ತದೆ. ಬಣ್ಣ ಎಷ್ಟಿದ್ದರೂ ಕೆಲಸ ಅಷ್ಟೇ. ಹತ್ತಿಪ್ಪತ್ತು ಪ್ರತಿ ಸಾಕಾದರೆ ಬೇರೆ ಯೋಚನೆಯೇ ಬೇಡ.

ಸ್ಕ್ರೀನ್ ಪ್ರಿಂಟ್‌ನಲ್ಲಿ ಪ್ರತಿ ಬಣ್ಣಕ್ಕೂ ಬೇರೆ ಸ್ಕ್ರೀನ್, ಅಂದರೆ ಚೌಕಟ್ಟಿಗೆ ಬಿಗಿದ ಜಾಲರಿ ಬಟ್ಟೆ. ಅದಕ್ಕೆ ಎಮಲ್ಷನ್ (ಬೆಳಕು ಬಿದ್ದಲ್ಲಿ ಗಟ್ಟಿಯಾಗುವ ದ್ರಾವಣ) ಬಳಿದು, ಕತ್ತಲಲ್ಲಿ ಒಣಗಿಸಿ, ವಿನ್ಯಾಸವಿರುವ ಪಾರದರ್ಶಕ ಫಿಲ್ಮ್ ಇಟ್ಟು ಬೆಳಕಿಗೊಡ್ಡಿ, ನೀರಲ್ಲಿ ತೊಳೆಯಬೇಕು. ಆತುರಕ್ಕೆ ಹಸಿಯಿರುವಾಗಲೇ ಬೆಳಕಿಗಿಟ್ಟಿರೋ, ತೊಳೆಯುವಾಗ ಅಕ್ಷರಗಳೇ ಕೊಚ್ಚಿಕೊಂಡು ಹೋಗುತ್ತವೆ (ನನಗೆ ಮೊದಲು ಕೈಕೊಟ್ಟಿದ್ದು ಒತ್ತಕ್ಷರಗಳು). ಮಳೆಗಾಲದಲ್ಲಂತೂ ಒಣಗುವುದೇ ಇಲ್ಲ. ಎರಡನೇ ಬಣ್ಣ ಕೂದಲೆಳೆಯಷ್ಟು ಸರಿದರೂ ವೀಣೆಯ ತಂತಿ ಜೋಡಿಯಾಗಿ ಕಾಣುತ್ತದೆ.

ಆದರೂ ಕಪ್ಪು ಹಾಳೆಯ ಮೇಲೆ ಸ್ಕ್ವೀಜಿ (ಇಂಕು ತಳ್ಳುವ ರಬ್ಬರ್ ಪಟ್ಟಿ) ಎಳೆದಾಗ ಕೂರುವ ದಟ್ಟ ಅರಿಶಿನ, ಬೆರಳಿಗೆ ತಾಕುವ ಆ ಇಂಕಿನ ಪದರ ಸಾಮಾನ್ಯ ನಾಲ್ಕು ಬಣ್ಣದ ಡಿಜಿಟಲ್ ಮೆಷಿನ್ನಿಗೆ ದಕ್ಕದು. ಕಪ್ಪಿನ ಮೇಲೆ ಬಣ್ಣ ಎದ್ದು ಕಾಣಲು ಅಡಿಗೆ ಬೇಕಾದ ಬಿಳಿಯೇ ಅದರಲ್ಲಿ ಇಲ್ಲವಲ್ಲ!

ಕೇಳುಗರು ಮನೆಗೊಯ್ದು ಗೋಡೆಗೆ ಹಾಕಿಕೊಳ್ಳಲಿ ಎಂದಿದ್ದರೆ ಸ್ಕ್ರೀನೇ ಮಾಡಿಸಿ, ಆದರೆ ಬಣ್ಣದ ಹಾಳೆಯ ಮೇಲೆ ಒಂದೇ ಇಂಕು. ಕೆಟ್ಟುಹೋಗುವುದಕ್ಕೆಂದೇ ಹತ್ತು ಹಾಳೆ ಹೆಚ್ಚಿಗೆ ಇರಲಿ. ಒಣಹಾಕಲು ಹಗ್ಗ, ಕ್ಲಿಪ್ಪು ಮೊದಲೇ ಕಟ್ಟಿಡಿ. ಇಂಕು ಹತ್ತಿದ ಕೈಯಲ್ಲಿ ಹುಡುಕಲಾಗುವುದಿಲ್ಲ.