ಉಪ್ಪುನೀರಿನ ಟ್ಯಾಂಕಿಗೆ ತಂದ ಅಬಲೋನಿ: ಜೀವಿಗೆ ಪೂರ್ಣ ಅಂಕ, ಅಂಗಡಿಗೆ ಅರ್ಧ

ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯ ಬಳಿಯ ಅಕ್ವೇರಿಯಂ ಅಂಗಡಿಯೊಂದರಲ್ಲಿ ಪಾಚಿ ತಿನ್ನುವ ಬಸವನಹುಳುಗಳ ಪಕ್ಕದಲ್ಲೇ, ಅವುಗಳ ಬಳಗದ್ದೇ ಆದ ಒಂಟಿ ಚಿಪ್ಪಿನ ಕಡಲಜೀವಿ ಅಬಲೋನಿಯನ್ನೂ ಮಾರಾಟಕ್ಕಿಟ್ಟಿದ್ದರು. ನಾನು ಅಲ್ಲಿಂದ ತಂದದ್ದು ಹ್ಯಾಲಿಯೋಟಿಸ್ ಅಸಿನಿನಾ ಎಂಬ ಉಷ್ಣವಲಯದ ಪ್ರಭೇದ. ಕಡಲಿನಿಂದ ಹಿಡಿದದ್ದಲ್ಲ, ಸಾಕಣೆ ಕೇಂದ್ರದಲ್ಲಿ ಮರಿಯಿಂದ ಬೆಳೆಸಿದ್ದು. ಟ್ಯಾಂಕಿನ ಪಾಚಿ ತಿನ್ನಲೆಂದು ಸಾಕುವ ಸಾಮಾನ್ಯ ಟರ್ಬೋ ಬಸವನಹುಳುವಿಗಿಂತ ಇದರ ಬೆಲೆ ಹಲವು ಪಟ್ಟು ಹೆಚ್ಚು.

ಮೊದಲು ಅಂಗಡಿಯವರು ಸರಿಯಾಗಿ ಮಾಡಿದ್ದನ್ನು ಹೇಳಬೇಕು. ಗಾಜಿಗೆ ಅಂಟಿದ್ದ ಅಬಲೋನಿಯನ್ನು ಅಲ್ಲಿನ ಹುಡುಗ ಕೈಯಿಂದ ಕೀಳಲು ಹೋಗಲಿಲ್ಲ. ಅದರ ದಾರಿಗೆ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಅಡ್ಡವಿಟ್ಟು, ಅದು ತಾನಾಗಿಯೇ ಹಾಳೆಯ ಮೇಲೆ ಹತ್ತುವವರೆಗೂ ಕಾದು, ಹಾಳೆಯ ಸಮೇತ ಚೀಲಕ್ಕಿಳಿಸಿದ. ಅಬಲೋನಿಯ ರಕ್ತ ಹೆಪ್ಪುಗಟ್ಟುವುದಿಲ್ಲವಾದ್ದರಿಂದ ಅದು ಅಂಟಿಕೊಳ್ಳಲು ಬಳಸುವ ಮಾಂಸಲ ಪಾದಕ್ಕೆ ಆಗುವ ಸಣ್ಣ ಗಾಯವೂ ಅದರ ಪ್ರಾಣಕ್ಕೆ ಕುತ್ತಾಗಬಹುದು. ಈ ತಾಳ್ಮೆ ನನಗೆ ಬಹಳ ಮೆಚ್ಚುಗೆಯಾಯಿತು.

ಆದರೆ ಟ್ಯಾಂಕಿನ ಮೇಲಿನ ಚೀಟಿಯಲ್ಲಿ ಪ್ರಭೇದದ ಹೆಸರೇ ಇರಲಿಲ್ಲ. ಇದು ಸಣ್ಣ ಲೋಪವಲ್ಲ. ಕ್ಯಾಲಿಫೋರ್ನಿಯಾದ ಕರಾವಳಿಯದೇ ಆದ ಕೆಂಪು ಅಬಲೋನಿ ತಣ್ಣೀರಿನ ಜೀವಿ; ನೀರನ್ನು ತಂಪಾಗಿಡುವ ಚಿಲ್ಲರ್ ಯಂತ್ರವಿಲ್ಲದೆ ಅದು ಮನೆಯಲ್ಲಿ ಬದುಕುವುದಿಲ್ಲ, ಸುಮಾರು 30 ಸೆಂಟಿಮೀಟರ್‌ವರೆಗೂ ಬೆಳೆಯಬಲ್ಲದು. ಅಸಿನಿನಾ ಇದಕ್ಕೆ ವ್ಯತಿರಿಕ್ತವಾಗಿ ಹವಳಗಳಿರುವ 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ನೀರಿಗೆ ಚೆನ್ನಾಗಿ ಹೊಂದಿಕೊಳ್ಳುತ್ತದೆ. ಚೀಟಿಯನ್ನಷ್ಟೇ ನಂಬಿದ ಗ್ರಾಹಕ ಯಾವುದನ್ನು ಮನೆಗೊಯ್ಯುತ್ತಿದ್ದಾನೆಂದು ಹೇಗೆ ತಿಳಿಯಬೇಕು? ಈ ರಾಜ್ಯದಲ್ಲಿ ಅಬಲೋನಿಯ ವಾಣಿಜ್ಯ ಮೀನುಗಾರಿಕೆ 1997ರಲ್ಲೂ, ಹವ್ಯಾಸಿಗಳು ಕೆಂಪು ಅಬಲೋನಿ ಹಿಡಿಯುವುದು 2018ರಲ್ಲೂ ನಿಂತಿದೆ. ಬಿಳಿ ಅಬಲೋನಿ 2001ರಿಂದ ಅಳಿವಿನಂಚಿನ ಜೀವಿಗಳ ಪಟ್ಟಿಯಲ್ಲಿದೆ. ಇಂಥ ಕಡೆ ಮಾರುವವರು ಪ್ರಭೇದವನ್ನೂ ಮೂಲವನ್ನೂ ಬರೆದು ತೋರಿಸುವುದು ಕನಿಷ್ಠ ಜವಾಬ್ದಾರಿ.

ಇನ್ನು ಜೀವಿಯ ವಿಷಯ. ಹಗಲೆಲ್ಲ ಕಲ್ಲಿನ ಅಡಿಯಲ್ಲಿ ಅಡಗಿದ್ದು, ದೀಪ ಆರಿದ ಮೇಲೆ ಹೊರಬರುತ್ತದೆ. ಮಂದವಾದ ಕೆಂಪು ಬೆಳಕಿನಲ್ಲಿ ನೋಡಿದರೆ ಪಾದದ ಅಂಚಿನಿಂದ ಸಣ್ಣ ಎಳೆಗಳು ಚಾಚಿಕೊಂಡು ಕಲ್ಲನ್ನು ತಡವುತ್ತಿರುತ್ತವೆ. ಚಿಪ್ಪಿನ ಸಾಲು ತೂತುಗಳಿಂದ ಉಸಿರಾಟದ ನೀರು ಹೊರಬೀಳುತ್ತದೆ. ಬೆಳಗ್ಗೆ ಗಾಜಿನ ಮೇಲಿನ ಕಂದು ಪಾಚಿಯಲ್ಲಿ ಅದು ಕೆರೆದು ತಿಂದ ಅಂಕುಡೊಂಕು ಪಟ್ಟೆಗಳು ಸ್ಪಷ್ಟವಾಗಿ ಕಾಣುತ್ತವೆ. ಹವಳಗಳ ತಂಟೆಗೆ ಹೋಗಿಲ್ಲ. ಸರಿಯಾಗಿ ಅಂಟಿಸದ ಚಿಕ್ಕ ತುಂಡುಗಳನ್ನು ಮಾತ್ರ ಹಾದಿಯಲ್ಲಿ ಉರುಳಿಸುತ್ತದೆ.

"ಟ್ಯಾಂಕಿನ ಪಾಚಿಯೇ ಸಾಕು, ಬೇರೆ ಆಹಾರ ಬೇಡ" ಎಂದು ಅಂಗಡಿಯಲ್ಲಿ ಹೇಳಿದ ಮಾತನ್ನು ಮಾತ್ರ ಒಪ್ಪಲಾರೆ. ಬೆಳೆಯುತ್ತಿರುವ ಅಬಲೋನಿ ಮನೆಯ ಟ್ಯಾಂಕಿನ ಪಾಚಿಯನ್ನು ಬೇಗನೆ ಖಾಲಿಮಾಡುತ್ತದೆ. ಉಪ್ಪು, ಎಣ್ಣೆ, ಮಸಾಲೆ ಏನೂ ಸೇರದ ನೋರಿ (ಒಣಗಿಸಿದ ಕಡಲಪಾಚಿ) ಹಾಳೆಯನ್ನೋ ಗ್ರಾಸಿಲೇರಿಯಾ ಎಂಬ ತಾಜಾ ಕಡಲಪಾಚಿಯನ್ನೋ ರಾತ್ರಿ ಇಡಬೇಕು. ಪಾದದ ಮುಂಭಾಗವನ್ನು ಎತ್ತಿ ಎಲೆಯನ್ನು ಅದುಮಿ ಹಿಡಿದು ತಿನ್ನುವುದನ್ನು ನೋಡುವುದೇ ಒಂದು ಸಂತೋಷ. ತಿನ್ನದೆ ಉಳಿದದ್ದನ್ನು ಬೆಳಗ್ಗೆ ತೆಗೆಯದಿದ್ದರೆ ಅಮೋನಿಯ ಏರುತ್ತದೆ, ಅದನ್ನು ಈ ಜೀವಿ ಸಹಿಸುವುದಿಲ್ಲ. ತಾಮ್ರ ಬೆರೆತ ಮೀನಿನ ಔಷಧಿಯಂತೂ ಇದಕ್ಕೆ ವಿಷ. ನೀರಿನಲ್ಲಿ ಆಮ್ಲಜನಕ ಸಮೃದ್ಧವಾಗಿರಬೇಕಾದ್ದರಿಂದ ಮೇಲ್ಮೈ ಸದಾ ಕದಡುವಂತೆ ಪಂಪ್ ಇರಲಿ, ಆದರೆ ಅದರ ಹೀರುಬಾಯಿಗೆ ಜಾಲರಿ ಕಡ್ಡಾಯ. ರಾತ್ರಿ ಗಾಜನ್ನೇರಿ ಹೊರಬೀಳುವ ಸಾಧ್ಯತೆಯಿರುವುದರಿಂದ ಮುಚ್ಚಳವೂ ಬೇಕು.

ಹೊಸದಾಗಿ ನೀರು ತುಂಬಿದ ಟ್ಯಾಂಕಿಗೆ ಇದು ಹೇಳಿ ಮಾಡಿಸಿದ್ದಲ್ಲ. ವರ್ಷದಷ್ಟಾದರೂ ಹಳೆಯದಾಗಿ ಪಾಚಿ ಚೆನ್ನಾಗಿ ಹಿಡಿದ, ಏಡಿ, ಪಫರ್ ಮೀನುಗಳಿಲ್ಲದ ಟ್ಯಾಂಕ್ ಇದ್ದವರು ಧೈರ್ಯವಾಗಿ ತರಬಹುದು. ಹಣ ಕೊಡುವ ಮೊದಲು ಪ್ರಭೇದ ಯಾವುದು, ಎಲ್ಲಿ ಸಾಕಿದ್ದು, ಅಂಗಡಿಯ ಟ್ಯಾಂಕಿನ ಉಷ್ಣಾಂಶವೆಷ್ಟು ಎಂದು ಕೇಳಿ. ಉತ್ತರ ಸಿಗದಿದ್ದರೆ ಬೇರೆ ಅಂಗಡಿ ನೋಡಿ.